ಉಪ್ಪುನೀರಿನ ಡೈರಿ, ಭಾಗ 7: ಕೊನೆಗೂ ಚುಚ್ಚಿತು

ಮೊದಲ ಫೋಟೋದಲ್ಲಿರೋ ಊದಿದ ಬೆರಳು ನಂದೇ. ಸ್ವೈಪ್ ಮಾಡಿದ್ರೆ ಕಾಣೋನು ಭೀಮ, ನಮ್ಮನೆ ಲಯನ್‌ಫಿಶ್. ಏನೂ ಆಗೇ ಇಲ್ಲ ಅನ್ನೋ ಥರ ಕಲ್ಲಿನ ಕೆಳಗೆ ತಲೆಕೆಳಗಾಗಿ ತೇಲ್ತಿದಾನೆ. ಕ್ಲಾಸಲ್ಲಿ ಕೇಳಿದವರಿಗೆಲ್ಲ ಬಾಗಿಲಿಗೆ ಸಿಕ್ಕಿಹಾಕ್ಕೊಂಡಿತು ಅಂದಿದ್ದೆ. ಸುಳ್ಳು. ಸಾರಿ.

ಆದದ್ದು ಇಷ್ಟು. ರಾತ್ರಿ ಲೈಟ್ ಆರಿಸಿದ ಮೇಲೆ ಕಲ್ಲೊಂದು ಜಾರಿದ್ದು ಕಾಣಿಸ್ತು. ಇಕ್ಕಳ ಪಕ್ಕದಲ್ಲೇ ಇತ್ತು. ಒಂದು ಸೆಕೆಂಡಿನ ಕೆಲಸ ಅಂತ ಬರಿಗೈ ಹಾಕಿದೆ. ಇವು ಚುರುಕಾಗೋದೇ ಕತ್ತಲಾಗೋ ಹೊತ್ತಿಗೆ ಅಂತ ಭಾಗ 3ರಲ್ಲಿ ನಿಮಗೆಲ್ಲ ಪಾಠ ಮಾಡಿದ್ದವನು ನಾನೇ! ಮೊದಲು ಸೂಜಿ ಚುಚ್ಚಿದ ಹಾಗೆ ಅಷ್ಟೇ. ಹತ್ತು ನಿಮಿಷದಲ್ಲಿ ನೋವು ಮೊಣಕೈಗೆ ಬಂತು. ಬಾಗಿಲು ಹಾಕ್ಕೊಂಡು ದಿಂಬು ಕಚ್ಚಿ ಕೂತಿದ್ದೆ. ಸದ್ದು ಕೇಳಿ ಅಮ್ಮ ಬಂದ್ರು.

"ಅದಕ್ಕೆ ವಿಷ ಇದ್ಯಾ?"

ಎಂಟು ತಿಂಗಳಿಂದ ನಮ್ಮನೆಯಲ್ಲಿ ಇದರ ಹೆಸರು 'ಶೋ ಮೀನು'. ವಿಷದ ವಿಷಯ ನಾನು ಹೇಳಿರಲಿಲ್ಲ. ಹೇಳಿದ್ರೆ ಟ್ಯಾಂಕ್ ಮನೆಯೊಳಗೆ ಬರ್ತಾನೇ ಇರಲಿಲ್ಲ. ಎರಡನೇ ಕ್ಲಾಸಿನ ತಮ್ಮ ದಿನಾ ಸಂಜೆ ಸ್ಟೂಲ್ ಹತ್ತಿ, ಮುಚ್ಚಳ ಸರಿಸಿ, "ಭೀಮ ಬಾ" ಅಂತ ಸಿಗಡಿ ತೋರಿಸ್ತಿದ್ದ. ನಾನು ಪಕ್ಕದಲ್ಲಿ ನಿಂತು ವಿಡಿಯೋ ಮಾಡ್ತಿದ್ದೆ. ಆ ವಿಡಿಯೋಗೇ ಜಾಸ್ತಿ ಲೈಕ್ ಬಂದಿರೋದು. ಈಗ ತೆಗೆದುಹಾಕಿದೀನಿ.

ಇದೆ ಅಂದೆ. ಅಮ್ಮ ಬಯ್ಯಲಿಲ್ಲ. ಮುಂದೇನು ಮಾಡಬೇಕು ಅಂದ್ರು.

ಬಿಸಿನೀರು. ಐಸ್ ಅಲ್ಲ. ದಯವಿಟ್ಟು ಇದೊಂದನ್ನ ನೆನಪಿಟ್ಟುಕೊಳ್ಳಿ. ಈ ವಿಷದಲ್ಲಿರೋದು ಪ್ರೋಟೀನ್, ಬಿಸಿಗೆ ಕೆಡುತ್ತೆ. ಸುಮಾರು 45 ಡಿಗ್ರಿ, ಅಂದ್ರೆ ತಡೆಯೋಕಾಗುವಷ್ಟು ಬಿಸಿ ಇರೋ ನೀರಲ್ಲಿ 30ರಿಂದ 90 ನಿಮಿಷ ಕೈ ಮುಳುಗಿಸಿಡಬೇಕು. ಆದರೆ ನೋವಿರೋ ಕೈಗೆ ಬಿಸಿ ಸರಿಯಾಗಿ ಗೊತ್ತಾಗಲ್ಲ, ಸುಟ್ಟುಕೊಂಡು ಬಿಡ್ತೀವಿ. ಹಾಗಾಗಿ ನೀರನ್ನ ಬೇರೆ ಕೈಲೇ ನೋಡಬೇಕು. ಅಮ್ಮ ಬಕೆಟ್‌ಗೆ ಬಿಸಿನೀರು ಬಿಟ್ಟು, ಮಗುಗೆ ಸ್ನಾನ ಮಾಡಿಸೋ ಮುಂಚೆ ನೋಡ್ತಾರಲ್ಲ, ಹಾಗೆ ಮೊಣಕೈ ಅದ್ದಿ ನೋಡ್ತಾ, ಆರಿದ ಹಾಗೆ ಬಿಸಿ ಬೆರೆಸ್ತಾ ಒಂದೂಕಾಲು ಗಂಟೆ ಬಾತ್‌ರೂಮಿನ ನೆಲದ ಮೇಲೆ ಕೂತಿದ್ರು. ನೋವು ಇಳೀತು. ಆಮೇಲೆ ಆಸ್ಪತ್ರೆ. ಮುಳ್ಳಿನ ಚೂರು ಒಳಗೆ ಉಳಿದಿದ್ಯಾ ಅಂತ ನೋಡಿ, ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿದ್ರು. ಉಸಿರಾಟ ಕಷ್ಟ ಆದ್ರೆ ಅಥವಾ ತಲೆ ಸುತ್ತಿದ್ರೆ ಬಿಸಿನೀರು ಅಂತ ಕೂರಬೇಡಿ, ಮೊದಲು ಆಸ್ಪತ್ರೆಗೇ ಓಡಿ.

ವಾಪಸ್ ಬರುವಾಗ ಆಟೋದಲ್ಲಿ ಅಮ್ಮ ಹೇಳಿದ್ದು ಒಂದೇ ಮಾತು: "ನಿನ್ನ ಕೈ ಹಾಳಾಗೋಗ್ಲಿ. ಪುಟ್ಟನ ಕೈ ಆಗಿದ್ದಿದ್ರೆ?"

ಭೀಮನ ತಪ್ಪೇನೂ ಇಲ್ಲ. ಫೋಟೋದಲ್ಲಿ ಬೀಸಣಿಗೆ ಥರ ಹರಡಿರೋ ಪಕ್ಕದ ರೆಕ್ಕೆಗಳಲ್ಲಿ ವಿಷ ಇಲ್ಲ. ಅವು ಬೇಟೆಯನ್ನ ಮೂಲೆಗೆ ಒತ್ತೋಕೆ. ಮೊದಲ ವಾರವೇ ನನ್ನ ಎರಡು ಡ್ಯಾಮ್ಸೆಲ್ ಮೀನು ಹಾಗೇ ಗುಳುಂ ಆಗಿದ್ದು. ವಿಷ ಇರೋದು ಬೆನ್ನಿನ 13, ಹೊಟ್ಟೆಯ 2, ಬಾಲದ ಬುಡದ ಕೆಳಗಿನ 3, ಒಟ್ಟು 18 ಮುಳ್ಳುಗಳಲ್ಲಿ. ಅದನ್ನ ಬೇಟೆಗೆ ಬಳಸೋದೇ ಇಲ್ಲ, ಆತ್ಮರಕ್ಷಣೆಗಷ್ಟೇ. ಹಾವಿನ ಹಾಗೆ ಕಚ್ಚಿ ವಿಷ ಬಿಡೋದೂ ಇಲ್ಲ. ನಾವು ಒತ್ತಿದಾಗ ಮುಳ್ಳಿನ ಮೇಲಿನ ತೆಳು ಚರ್ಮ ಹಿಂದೆ ಸರಿದು, ಅದರ ಗಾಡಿಯಲ್ಲಿರೋ ವಿಷ ಗಾಯಕ್ಕೆ ಇಳಿಯುತ್ತೆ. ಒತ್ತಿದ್ದು ನಾನು.

ಈಗ ಮುಚ್ಚಳಕ್ಕೆ ಬೀಗ ಇದೆ. ಕೀ ಅಮ್ಮನ ಹತ್ರ. ಕಲ್ಲು ಸರಿಸೋದಿದ್ರೆ ಮೊದಲು ಭೀಮನನ್ನ ಡಬ್ಬದಲ್ಲಿ ಹಿಡಿದು ಬೇರೆ ಇಡಬೇಕು. ಬಲೆ ಬೇಡ, ಮುಳ್ಳು ಸಿಕ್ಕಿಹಾಕ್ಕೊಳ್ಳುತ್ತೆ.

ಬೀಗ ಹಾಕಿದ್ರೂ ಬಗೆಹರಿಯದ ವಿಷಯ ಒಂದಿದೆ. ಇದು ದೊಡ್ಡದಾಗಲ್ಲ ಅಂತ ಅಂಗಡಿಯವರು ಹೇಳಿದ್ರು. ನನಗೂ ಹಾಗೇ ಕೇಳಿಸಿಕೊಳ್ಳಬೇಕಿತ್ತು, ಕೇಳಿಸಿಕೊಂಡೆ. ಬೆರಳುದ್ದ ಇದ್ದವನು ಈಗ ಗೇಣುದ್ದ ಆಗಿದಾನೆ. ಈ ಜಾತಿ 30 ಸೆಂಟಿಮೀಟರ್ ದಾಟುತ್ತೆ. ನನ್ನ ಟ್ಯಾಂಕ್ 200 ಲೀಟರ್. ತಿರುಗೋಕೆ ಈಗಲೇ ಅವನಿಗೆ ಜಾಗ ಸಾಲ್ತಿಲ್ಲ.

ಡಿಎಮ್‌ನಲ್ಲಿ ಮೂರು ಜನ "ಮಲ್ಪೆಗೆ ಹೋಗಿ ಬಿಟ್ಬಿಡು ಮಚ್ಚಾ" ಅಂದ್ರಿ. ಇಲ್ಲ ಕಣ್ರೋ. ಅರಬ್ಬಿ ಸಮುದ್ರದಲ್ಲೂ ಲಯನ್‌ಫಿಶ್ ಇದಾವೆ, ನಿಜ. ಆದರೆ ಅಂಗಡಿ ತೊಟ್ಟಿಯಲ್ಲಿ ನೂರು ಮೀನಿನ ಜೊತೆ ಇದ್ದು ಬಂದವನು ಯಾವ ರೋಗ ಹೊತ್ತಿದಾನೋ. ಅಮೆರಿಕದ ಫ್ಲೋರಿಡಾ ಹತ್ತಿರ 1985ರಲ್ಲಿ ಮೊದಲು ಕಂಡ ಲಯನ್‌ಫಿಶ್ ಇವತ್ತು ಕೆರಿಬಿಯನ್ ದಾಟಿ ಬ್ರೆಜಿಲ್‌ವರೆಗೂ ಹಬ್ಬಿ, ಅಲ್ಲಿನ ಮರಿಮೀನುಗಳನ್ನ ತಿಂದು ಹಾಕ್ತಿದೆ. ಅಲ್ಲಿಗೆ ಅವು ಹೋಗಿದ್ದು ನನ್ನಂಥವರ ಟ್ಯಾಂಕ್‌ಗಳಿಂದ ಅನ್ನೋದೇ ಹೆಚ್ಚಿನವರ ಅಭಿಪ್ರಾಯ.

ಹಾಗಾಗಿ ಕೇಳ್ತಿದೀನಿ. 500 ಲೀಟರಿಗೂ ದೊಡ್ಡ, ಕನಿಷ್ಠ ಒಂದು ವರ್ಷ ಓಡಿರೋ ಉಪ್ಪುನೀರಿನ ಟ್ಯಾಂಕ್ ಯಾರ ಹತ್ರ ಇದೆ? ಬೆಂಗಳೂರಿನ ಒಳಗಿದ್ರೆ ಒಳ್ಳೇದು, ದೂರದ ಪ್ರಯಾಣ ಅವನಿಗೆ ಬೇಡ. ಫ್ರೀಜ್ ಮಾಡಿದ ಸಿಗಡಿ, ಮೀನಿನ ಚೂರು ತಿನ್ನೋದು ಕಲಿತಿದಾನೆ, ಜೀವಂತ ಮೀನು ಹಾಕಿ ಆ ಅಭ್ಯಾಸ ಕೆಡಿಸಬೇಡಿ. ದುಡ್ಡು ಬೇಡ. ಮನೇಲಿ ಚಿಕ್ಕ ಮಕ್ಕಳಿದ್ರೆ ಅವರ ಅಮ್ಮನ ಹತ್ರ ಮೊದಲು ನಾನೇ ಮಾತಾಡ್ತೀನಿ.