ತಾಳಗುಪ್ಪದ ರೈಲು, ಹೊನ್ನೆಮರಡಿನ ನೀರು

ಶರಾವತಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಜೋಗ. ಮಳೆಗಾಲದಲ್ಲಿ ಬಸ್ಸು, ಕಾರು ತುಂಬಿಕೊಂಡು ಬರುವ ಪ್ರವಾಸಿಗರು ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕು ಕವಲುಗಳನ್ನು ಎಣಿಸಿ, ಛತ್ರಿ ಹಿಡಿದು ಫೋಟೋ ತೆಗೆಸಿಕೊಂಡು ಹಿಂದಿರುಗುತ್ತಾರೆ. ಆದರೆ ಜೋಗದ ನೆತ್ತಿಯ ಮೇಲೆ, ಲಿಂಗನಮಕ್ಕಿ ಅಣೆಕಟ್ಟೆಯ ಬೆನ್ನ ಹಿಂದೆ, ಅದೇ ನದಿ ಸದ್ದಿಲ್ಲದೆ ಮಲಗಿರುವ ಇನ್ನೊಂದು ಲೋಕವಿದೆ. ಅದನ್ನು ನೋಡಲು ಚಳಿಗಾಲವೇ ಸರಿಯಾದ ಕಾಲ, ಹೊನ್ನೆಮರಡು ಸರಿಯಾದ ಜಾಗ. ಹೋಗುವುದಕ್ಕೆ ತಾಳಗುಪ್ಪದ ರೈಲಿಗಿಂತ ಒಳ್ಳೆಯ ವಾಹನವಿಲ್ಲ.

ಡಿಸೆಂಬರಿನ ಒಂದು ಶನಿವಾರ ತಮ್ಮನನ್ನು ಕರೆದುಕೊಂಡು ಹೊರಟೆ. ಅವನು ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ. "ಪರೀಕ್ಷೆ ಹತ್ತಿರ ಬಂತು, ಈಗೆಂಥ ತಿರುಗಾಟ?" ಎಂದು ಅಪ್ಪ ಗೊಣಗಿದರು. ಅಮ್ಮ ಮಾತ್ರ, "ಎರಡು ದಿನದಲ್ಲಿ ಏನೂ ಮುಳುಗಿಹೋಗುವುದಿಲ್ಲ, ಹೋಗಿ ಬರಲಿ" ಎಂದಳು. ನಮ್ಮ ಮನೆಯಲ್ಲಿ ಮುಳುಗುವುದು ಎನ್ನುವ ಮಾತಿಗೆ ಬೇರೆಯದೇ ತೂಕವಿದೆ. ಅಮ್ಮನ ತಾಯಿ ಹುಟ್ಟಿದ ಊರು 1964ರಲ್ಲಿ ಲಿಂಗನಮಕ್ಕಿಯ ನೀರಿನಡಿ ಹೋಯಿತು. ಆಗ ಅಜ್ಜಿಗೆ ಹದಿನಾರು ವರ್ಷ. ಮನೆಯ ತೊಲೆ, ಬಾಗಿಲು ಕಿತ್ತು ಲಾರಿಗೆ ಹೇರಿಕೊಂಡು ಅವರೆಲ್ಲ ಶಿವಮೊಗ್ಗದ ಕಡೆ ಬಂದರು. ತಮ್ಮ ಹೊರಡುವಾಗ, "ಅಜ್ಜಿ, ನಿನಗೆ ಅಲ್ಲಿಂದ ಒಂದು ಬಾಟಲಿ ನೀರು ತರಲಾ?" ಎಂದು ಕೇಳಿದ. "ನೀರು ಬೇಡ ಮಾರಾಯ, ಸಾಕಷ್ಟು ನೋಡಿಯಾಗಿದೆ. ಅಲ್ಲಿ ಈಗ ಯಾರಿದ್ದಾರೆ ಅಂತ ಕೇಳಿಕೊಂಡು ಬಾ" ಎಂದಳು ಅಜ್ಜಿ.

ಹಳಿ ಮುಗಿಯುವ ಊರು

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಕಾಡು ಸೀಳಿಕೊಂಡು ಅದು ತಾಳಗುಪ್ಪ ತಲುಪಲು 1940 ಆಯಿತು. ಮುಂದೆ ಹಳಿಯಿಲ್ಲ. ಅಲ್ಲಿಂದಾಚೆ ಘಟ್ಟ, ಘಟ್ಟದ ಕೆಳಗೆ ಹೊನ್ನಾವರದ ಸಮುದ್ರ. ನಮ್ಮ ಹಿರಿಯರ ನೆನಪಿನಲ್ಲಿರುವುದು ಮೀಟರ್ ಗೇಜಿನ ಪುಟ್ಟ ಗಾಡಿ ಮತ್ತು ಬಸ್ಸಿನಂತೆಯೇ ಇದ್ದ ರೈಲ್‌ಬಸ್ಸು. ಹಳಿ ಅಗಲಗೊಳಿಸುವ ಕೆಲಸಕ್ಕಾಗಿ ಕೆಲವು ವರ್ಷ ಮಾರ್ಗ ನಿಂತೇ ಹೋಗಿತ್ತು. 2011ರಲ್ಲಿ ಬ್ರಾಡ್‌ಗೇಜ್ ರೈಲು ತಾಳಗುಪ್ಪ ಮುಟ್ಟಿತು. ಮೈಸೂರು–ತಾಳಗುಪ್ಪ ಎಕ್ಸ್‌ಪ್ರೆಸ್ಸಿಗೆ 2022ರಲ್ಲಿ ಕುವೆಂಪು ಅವರ ಹೆಸರಿಟ್ಟರು. ಮಲೆನಾಡಿಗೆ ಹೋಗುವ ಗಾಡಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಎಲ್ಲಿ ಸಿಗಬೇಕು!

ನಾವು ಹತ್ತಿದ್ದು ನಸುಕಿನ ಗಾಡಿ. ಶಿವಮೊಗ್ಗ ಬಿಟ್ಟಾಗ ಇನ್ನೂ ಕತ್ತಲೆ. ಕಿಟಕಿಯ ಕಬ್ಬಿಣದ ಸರಳು ಮುಟ್ಟಿದರೆ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಎದುರಿಗೆ ಕುಳಿತ ಹಿರಿಯರೊಬ್ಬರು ತಲೆಗೆ ಮಫ್ಲರ್ ಸುತ್ತಿಕೊಂಡು, ಕವಳ ಹಾಕಿಕೊಂಡು, ಮಾತಿಗೆ ಆಳು ಹುಡುಕುತ್ತಿದ್ದರು. ಆನಂದಪುರ ದಾಟುವಾಗ ಬೆಳಕು ಹರಿಯಿತು. ಮಂಜಿನ ಮಧ್ಯೆ ಅಡಿಕೆ ಮರಗಳ ತಲೆ ಮಾತ್ರ ಕಾಣುತ್ತಿತ್ತು. ಅದು ಕೊಯ್ಲಿನ ಕಾಲ. ಹಳಿಯ ಪಕ್ಕದ ಮನೆಗಳ ಅಂಗಳದಲ್ಲಿ ಚಪ್ಪರ ಎದ್ದಿತ್ತು, ಹಂಡೆಗಳಲ್ಲಿ ಅಡಿಕೆ ಬೇಯುವ ಹೊಗೆ ಮಂಜಿನೊಂದಿಗೆ ಬೆರೆತು ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ. ಸಾಗರದ ನಿಲ್ದಾಣಕ್ಕೆ ಸಾಗರ ಜಂಬಗಾರು ಎಂದು ಹೆಸರು. ಅಲ್ಲಿ ಗಾಡಿ ಅರ್ಧ ಖಾಲಿಯಾಯಿತು. ತಾಳಗುಪ್ಪದಲ್ಲಿ ಇಳಿದಾಗ ಬಿಸಿಲು ಆಗಷ್ಟೇ ಹಳಿಯ ಮೇಲೆ ಬಿದ್ದಿತ್ತು.

ತಮ್ಮನ ಲೆಕ್ಕ

ತಾಳಗುಪ್ಪದಿಂದ ಹೊನ್ನೆಮರಡಿಗೆ ಹತ್ತು ಹನ್ನೆರಡು ಕಿಲೋಮೀಟರು. ಆಟೋ ಹಿಡಿದೆವು. ಕೊನೆಯ ಭಾಗ ಕಾಡುದಾರಿ. ಹೊನ್ನೆ ನಮ್ಮ ಕಾಡಿನ ಹೆಸರಾಂತ ಮರ, ಮರಡಿ ಎಂದರೆ ದಿಬ್ಬ. ದಿಬ್ಬ ಇಳಿದು ಮುಗಿಯುತ್ತಿದ್ದಂತೆ ಇದ್ದಕ್ಕಿದ್ದಂತೆ ನೀರು! ಕಣ್ಣು ಹಾಯುವವರೆಗೂ ನೀರು, ನಡುನಡುವೆ ಹಸಿರು ಟೊಪ್ಪಿಗೆ ಇಟ್ಟಂತೆ ದ್ವೀಪಗಳು. ಒಂದು ಕಾಲಕ್ಕೆ ಅವೆಲ್ಲ ಗುಡ್ಡಗಳ ನೆತ್ತಿ. ನಾವು ಅಂದು ನೋಡುತ್ತಿದ್ದುದು ಕಣಿವೆಯ ಮೇಲಿನ ಆಕಾಶವಿದ್ದ ಜಾಗವನ್ನು.

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ, ಸಾಗರ ತಾಲ್ಲೂಕುಗಳನ್ನು ಹಾದು, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಒಟ್ಟು ಉದ್ದ ಸುಮಾರು 128 ಕಿಲೋಮೀಟರು ಮಾತ್ರ. ಇಷ್ಟು ಚಿಕ್ಕ ನದಿಗೆ ಇಷ್ಟು ದೊಡ್ಡ ಕಟ್ಟೆ ಯಾಕೆ ಎಂದು ನಾನು ಕೇಳಿದೆ. ತಮ್ಮ ದಡದ ಮಣ್ಣಿನಲ್ಲಿ ಕಡ್ಡಿ ಹಿಡಿದು ಲೆಕ್ಕ ಬರೆದ. "ನೋಡಕ್ಕ, ಒಂದು ಘನ ಮೀಟರ್ ನೀರು ಅಂದರೆ ಸಾವಿರ ಕಿಲೋ. ಜೋಗದ ಎತ್ತರದಿಂದ ಬಿದ್ದರೆ ಹೆಚ್ಚುಕಡಿಮೆ 25 ಲಕ್ಷ ಜೌಲ್ ಶಕ್ತಿ. ಆದರೆ ಒಂದು ಯೂನಿಟ್ ಕರೆಂಟಿಗೆ 36 ಲಕ್ಷ ಜೌಲ್ ಬೇಕು. ಅಂದರೆ ಸಾವಿರ ಲೀಟರ್ ನೀರು ಬಿದ್ದರೂ ಒಂದು ಯೂನಿಟ್ ಪೂರ್ತಿ ಆಗಲ್ಲ!"

ವಿಷಯ ಅಲ್ಲೇ ಇದೆ. ಮಳೆ ಬರುವುದು ನಾಲ್ಕು ತಿಂಗಳು, ದೀಪ ಉರಿಯಬೇಕಾದದ್ದು ಹನ್ನೆರಡು ತಿಂಗಳು. ಆದ್ದರಿಂದ ನೀರನ್ನು ಹಿಡಿದಿಡಲೇಬೇಕು. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ, ಸಂಗ್ರಹ ಸುಮಾರು 151 ಟಿಎಂಸಿ. ಈ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಒಂದು ತಲೆಮಾರಿನ ಮಕ್ಕಳು ಓದಿದ್ದು ಈ ನದಿಯ ಬೆಳಕಿನಲ್ಲಿ. ಅಜ್ಜಿಯ ಮನೆಗೆ ಮಾತ್ರ ಆ ಬೆಳಕು ಬಂದದ್ದು ಅಮ್ಮ ಹೈಸ್ಕೂಲು ಸೇರಿದ ಮೇಲೆ.

ಇನ್ನೊಂದು ಸಂಗತಿ ಕೇಳಿದರೆ ಮಕ್ಕಳು ಬೆರಗಾಗುತ್ತಾರೆ. 1948ರಲ್ಲಿ ಜೋಗದ ಮೊದಲ ವಿದ್ಯುತ್ ಕೇಂದ್ರ ಶುರುವಾದಾಗ ಅದಕ್ಕೆ ನೀರು ಕೊಡಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೆ ಕಟ್ಟಿದ್ದರು. ಲಿಂಗನಮಕ್ಕಿ ಬಂದ ಮೇಲೆ ಆ ಅಣೆಕಟ್ಟೆಯೇ ಮುಳುಗಿತು! ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷಗಳಲ್ಲಿ ಅದು ತಲೆ ಎತ್ತಿ, ನೋಡಲು ಜನ ಸೇರುತ್ತಾರೆ.

ಅಜ್ಜಿಯ ಪ್ರಶ್ನೆ

ಹೊನ್ನೆಮರಡು ದಶಕಗಳಿಂದ ಜಲಸಾಹಸದ ತರಬೇತಿಗೆ ಹೆಸರಾದ ಊರು. ಲೈಫ್ ಜಾಕೆಟ್ ತೊಟ್ಟು ನಾವೂ ಹರಿಗೋಲು ಹತ್ತಿದೆವು. ಹುಟ್ಟು ಹಾಕುವುದು ನೋಡಿದಷ್ಟು ಸುಲಭವಲ್ಲ. ಹರಿಗೋಲು ಇದ್ದಲ್ಲೇ ಬುಗುರಿಯಂತೆ ತಿರುಗುತ್ತದೆ. ನಡುವೆ ಹೋದಾಗ ತಮ್ಮ ಸುಮ್ಮನಾದ. "ಅಕ್ಕ, ಇಲ್ಲಿ ಕೆಳಗೆ ರಸ್ತೆ ಇರಬಹುದಲ್ಲ?" ಎಂದ. ಲೆಕ್ಕದಲ್ಲಿ ಬರದ ಪ್ರಶ್ನೆ ಅದು.

ದಡಕ್ಕೆ ಬಂದ ಮೇಲೆ, ದನ ಹೊಡೆದುಕೊಂಡು ಬಂದಿದ್ದ ಅಜ್ಜರೊಬ್ಬರಿಗೆ ಅಜ್ಜಿಯ ಊರಿನ ಹೆಸರು ಹೇಳಿದ. ಅವರು ಕೋಲು ಊರಿ ನಿಂತು, "ಏನೋ ತಮ್ಮ, ಆ ಹೆಸರು ಕೇಳದೆ ಎಷ್ಟು ಕಾಲ ಆಯಿತು! ಅಗೋ, ಆ ಉದ್ದ ದ್ವೀಪ ಇದೆಯಲ್ಲ, ಅದರಾಚೆ. ಬೇಸಿಗೆಗೆ ಬಾ, ಮರದ ಬೊಡ್ಡೆಗಳು ಕಾಣ್ತವೆ" ಎಂದರು. ಅಲ್ಲಿ ಈಗ ಯಾರಿದ್ದಾರೆ ಎಂದು ತಮ್ಮ ಕೇಳಿದ. "ಹೋದವರು ಹೋದರು. ಗುಡ್ಡದ ಮೇಲಿದ್ದವರು ಇದ್ದೇ ಇದ್ದೀವಿ" ಎಂದು ನಕ್ಕರು.

ಆ ಮಾತು ಪೂರ್ತಿ ನಿಜ. ಹಿನ್ನೀರಿನಾಚೆಯ ತುಮರಿ ಭಾಗದ ಜನರು ಆಸ್ಪತ್ರೆ, ಕಾಲೇಜು, ಸಂತೆ ಎಲ್ಲದಕ್ಕೂ ಹೊಳೆಬಾಗಿಲಿನ ಲಾಂಚನ್ನೇ ಕಾಯುತ್ತಿದ್ದರು. ಸಂಜೆ ಕೊನೆಯ ಲಾಂಚು ತಪ್ಪಿದರೆ ರಾತ್ರಿ ಈಚೆಯೇ. ಎರಡು ಕಿಲೋಮೀಟರಿಗೂ ಮಿಕ್ಕ ಉದ್ದದ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ನೀರು ನಿಂತ ಅರವತ್ತೊಂದು ವರ್ಷಕ್ಕೆ! ಊರು ಬಿಟ್ಟವರ ಜಮೀನಿನ ಹಕ್ಕುಪತ್ರದ ವ್ಯಾಜ್ಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ಇದೇ ಕಣಿವೆಗೆ ಈಗ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವವೂ, ಅದಕ್ಕೆ ವಿರೋಧವೂ ಇದೆ. ಈ ವಿಷಯದಲ್ಲಿ ಯಾವ ಕಡೆ ನಿಲ್ಲಬೇಕೆಂಬುದನ್ನು ಮಕ್ಕಳು ಮುಂದೆ ತಾವೇ ತೀರ್ಮಾನಿಸಲಿ. ಆದರೆ ಸ್ವಿಚ್ಚಿನ ಇನ್ನೊಂದು ತುದಿಯಲ್ಲಿ ಏನಿದೆ ಎಂಬುದನ್ನು ಒಮ್ಮೆ ನೋಡಿ ತೀರ್ಮಾನಿಸಲಿ.

ಓದುವ ಅಭ್ಯಾಸವಿರುವ ಮಕ್ಕಳಿಗೆ ಪ್ರವಾಸಕ್ಕೆ ಮೊದಲು ನಾ. ಡಿಸೋಜ ಅವರ 'ದ್ವೀಪ' ಕಾದಂಬರಿ ಕೊಡಿ. ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿದ್ದ ಸಾಗರದ ಈ ಲೇಖಕರು 2025ರ ಜನವರಿಯಲ್ಲಿ ತೀರಿಕೊಂಡರು. ಗಿರೀಶ್ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದ್ದಾರೆ. ನನ್ನ ತಮ್ಮ ಮರಳುವಾಗ ರೈಲಿನಲ್ಲಿ ಅದನ್ನು ಓದಲು ಶುರುಮಾಡಿದವನು, ಅರಸಾಳು ನಿಲ್ದಾಣ ಬಂದಾಗ ಮಾತ್ರ ತಲೆ ಎತ್ತಿದ. 'ಮಾಲ್ಗುಡಿ ಡೇಸ್' ಧಾರಾವಾಹಿಯ ರೈಲು ನಿಲ್ದಾಣ ಇದೇ. ಹಳೆಯ ಕಟ್ಟಡದಲ್ಲಿ 2020ರಿಂದ ಮಾಲ್ಗುಡಿ ಮ್ಯೂಸಿಯಂ ಇದೆ.

ಹೋಗುವವರಿಗೆ

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ, ಸ್ವೆಟರ್ ಮರೆಯಬೇಡಿ. ಬೆಂಗಳೂರು, ಮೈಸೂರಿನಿಂದ ತಾಳಗುಪ್ಪಕ್ಕೆ ನೇರ ರೈಲುಗಳಿವೆ. ಊಟ, ವಸತಿಗೆ ಸಾಗರ ಅನುಕೂಲ. ಹೊನ್ನೆಮರಡಿನಲ್ಲಿ ಶಿಬಿರಕ್ಕೆ ಮುಂಚೆಯೇ ವಿಚಾರಿಸಿ ಹೋಗಬೇಕು. ದಡ ಒಮ್ಮೆಲೇ ಆಳವಾಗುತ್ತದೆ, ಕೆಳಗೆ ಹಳೆಯ ಮರದ ಬೊಡ್ಡೆಗಳಿವೆ. ಈಜು ಬಲ್ಲ ಮಕ್ಕಳನ್ನೂ ಲೈಫ್ ಜಾಕೆಟ್ ಇಲ್ಲದೆ, ಬಲ್ಲವರ ಜೊತೆಯಿಲ್ಲದೆ ನೀರಿಗೆ ಬಿಡಬೇಡಿ. ಎರಡನೆಯ ದಿನ ಇಕ್ಕೇರಿಯ ಅಘೋರೇಶ್ವರ ದೇವಾಲಯ, ಕೆಳದಿ, ಹೆಗ್ಗೋಡಿನ ನೀನಾಸಂ ನೋಡಬಹುದು. ಆಲೆಮನೆ ಶುರುವಾಗಿದ್ದರೆ ಕಬ್ಬಿನ ಹಾಲು ಕುಡಿದು, ಮಡಕೆಯ ಬೆನ್ನ ಮೇಲೆ ಹುಯ್ಯುವ ತೊಡದೇವು ತಿಂದೇ ಬನ್ನಿ.

ಮನೆಯಲ್ಲಿ ಮುಳುಗಡೆ ಕಂಡ ಹಿರಿಯರಿದ್ದರೆ, ಹೊರಡುವ ಮೊದಲು ಅವರ ಊರಿನ ಹೆಸರು ಕೇಳಿ ಬರೆದುಕೊಳ್ಳಿ. ಆ ಹೆಸರು ಬಲ್ಲವರು ದಡದಲ್ಲಿ ಇನ್ನೂ ಇದ್ದಾರೆ.