ಬಚ್ಚಲಿಗೊಂದು ಗೂಡು, ಒಂದಿಷ್ಟು ಬೆಳಕು

ಮನೆ ಕಟ್ಟುವಾಗ ನಮ್ಮ ಕಡೆ ಎಲ್ಲರ ಕಣ್ಣು ದೇವರ ಮನೆ, ಅಡುಗೆ ಮನೆ, ಹಾಲ್‌ನ ಶೋಕೇಸ್ ಮೇಲೆ. ಬಚ್ಚಲು ಮಾತ್ರ ಉಳಿದ ಜಾಗದಲ್ಲಿ, ಉಳಿದ ದುಡ್ಡಿನಲ್ಲಿ ಆಗೋ ಕೆಲಸ. ತುಮಕೂರಿನ ನಮ್ಮ ಮನೆಯದ್ದೂ ಹಾಗೇ. ಅಗಲ 4 ಅಡಿ, ಉದ್ದ ಆರೂವರೆ ಅಡಿ. ಶೌಚಾಲಯ ಪಕ್ಕದಲ್ಲಿ ಬೇರೆಯಾಗಿ ಇರೋದೇ ಪುಣ್ಯ. ಒಂದು ಮೂಲೆಯಲ್ಲಿ ಸಿಮೆಂಟ್ ತೊಟ್ಟಿ, ನೆಲಕ್ಕೆ ನುಣ್ಣಗೆ ಹೊಳೆಯೋ ಬಿಳಿ ಟೈಲ್ಸ್, ಮೇಲೆ ಅಂಗೈ ಅಗಲದ ವೆಂಟಿಲೇಟರ್. ಹಗಲಲ್ಲೂ ಲೈಟ್ ಹಾಕಿಕೊಂಡೇ ಒಳಗೆ ಹೋಗಬೇಕು.

ನಾನು ಕಂಡ ಬಚ್ಚಲುಗಳು ಮೂರು. ತವರು ಕುಣಿಗಲ್. ಅಲ್ಲಿನ ಹೆಂಚಿನ ಮನೆಯ ಬಚ್ಚಲಿಗೆ ಒಂದು ಗಾಜಿನ ಹೆಂಚು ಇತ್ತು. ಬೆಳಿಗ್ಗೆ ಬಿಸಿಲ ಕೋಲು ನೇರವಾಗಿ ನೀರಿನ ಮೇಲೆ ಬೀಳೋದು. ಮದುವೆಯಾಗಿ ಹೋಗಿದ್ದು ಗುಬ್ಬಿ ಹತ್ತಿರದ ಹಳ್ಳಿಗೆ. ಅಲ್ಲಿ ಬಚ್ಚಲು ಅಂದ್ರೆ ಹೊಗೆ, ಕತ್ತಲೆ, ಒಲೆ ಮೇಲೆ ಹೂತ ತಾಮ್ರದ ಹಂಡೆ. ತೋಟದ ಗರಿ, ಮಟ್ಟೆ, ಚಿಪ್ಪು ಹಾಕಿದ್ರೆ ನೀರು ಕೊತಕೊತ ಅನ್ನೋದು. ಮೈ ಉಜ್ಜೋಕೆ ಒಂದು ಒರಟು ಕಲ್ಲು, ಕೂರೋಕೆ ಮಣೆ. ಮೂರನೆಯದು ಈ ತುಮಕೂರಿನ ಬಚ್ಚಲು. ಇದರಲ್ಲಿ ಬೆಳಕೂ ಇರಲಿಲ್ಲ, ಹಂಡೆಯೂ ಇರಲಿಲ್ಲ. ನಾವು ನಾಲ್ಕು ಜನ ಗಡಿಬಿಡಿಯಲ್ಲಿ ಎರಡು ಚೊಂಬು ಸುರಿದುಕೊಂಡು ಓಡಿ ಬರ್ತಿದ್ವಿ ಅಷ್ಟೇ.

ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗೇ ಬಂದರು. ಹೋದ ವರ್ಷ ಕಾರ್ತೀಕದಲ್ಲಿ ಬಚ್ಚಲಲ್ಲಿ ಜಾರಿ ಕೂತರು. ಬಲಗೈ ಮಣಿಕಟ್ಟಿಗೆ ಪೆಟ್ಟು, ಆರು ವಾರ ಕಟ್ಟು. ಕಟ್ಟು ಬಿಚ್ಚಿದ ಮೇಲೂ ಅವರಿಗೆ ಬಚ್ಚಲೆಂದರೆ ಭಯ ಹೋಗಲಿಲ್ಲ. ದಿನಾ ಸ್ನಾನ ಮಾಡದೆ ಹನಿ ನೀರು ಬಾಯಿಗೆ ಹಾಕದ ಹೆಂಗಸು, ಎರಡು ದಿನಕ್ಕೊಮ್ಮೆ, ಆಮೇಲೆ ಮೂರು ದಿನಕ್ಕೊಮ್ಮೆ ಅನ್ನೋಕೆ ಶುರು ಮಾಡಿದರು. ನಾನು ಒಳಗೆ ಬಂದು ನೀರು ಹಾಕ್ತೀನಿ ಅಂದ್ರೆ, "ಬೇಡ ಕಣಮ್ಮ, ನಿಂಗೆ ಕೆಲಸಕ್ಕೆ ಹೊತ್ತಾಗುತ್ತೆ" ಅಂತಿದ್ರು. ಕೊನೆಗೊಂದು ದಿನ ಮಗನ ಹತ್ತಿರ, "ನನ್ನ ಊರಿಗೆ ಬಿಟ್ಟುಬಿಡಪ್ಪ" ಅಂದರು. ಊರಲ್ಲಿ ಯಾರಿದ್ದಾರೆ? ಬೀಗ ಹಾಕಿದ ಮನೆ. ಆದರೂ ನನಗೆ ಅರ್ಥವಾಯಿತು. ಹೊತ್ತಾಗುತ್ತೆ ಅನ್ನೋದು ನೆಪ. ಎಪ್ಪತ್ತೆರಡು ವರ್ಷ ತಾವೇ ಬಾಗಿಲು ಹಾಕಿಕೊಂಡು ಮಿಂದವರಿಗೆ ಸೊಸೆ ಎದುರು ಬತ್ತಲೆ ಕೂರೋದು ಸಾಯೋ ಅಷ್ಟು ಸಂಕೋಚ.

ಅವತ್ತು ರಾತ್ರಿಯೇ ಬಚ್ಚಲು ಒಡೆಸೋದು ಅಂತ ತೀರ್ಮಾನ ಆಯ್ತು. ಕೈಯಲ್ಲಿ ಇದ್ದದ್ದು ಸುಮಾರು 70 ಸಾವಿರ. ಗೋಡೆ ಹಿಗ್ಗಿಸೋ ಹಾಗಿಲ್ಲ, ಒಂದು ಕಡೆ ಅಡುಗೆ ಮನೆ, ಇನ್ನೊಂದು ಕಡೆ ಓಣಿ. ಇರೋ ಇಪ್ಪತ್ತಾರು ಚದರಡಿಯಲ್ಲೇ ಎಲ್ಲ ಆಗಬೇಕು.

ನಮ್ಮೆಜಮಾನ್ರಿಗೆ ಗಾಜಿನ ಪಾರ್ಟಿಷನ್, ತಟ್ಟೆ ಅಗಲದ ರೈನ್ ಶವರ್ ಆಸೆ. ಪ್ಲಂಬರ್ ಮೇಲೆ ಹತ್ತಿ ನೋಡಿ ಬಂದು ನಕ್ಕರು. "ಸಾರ್, ನಿಮ್ಮ ಟ್ಯಾಂಕ್ ಛಾವಣಿ ಮೇಲೆ ಕೂತಿದೆ. ಶವರ್‌ಗೂ ಟ್ಯಾಂಕ್‌ಗೂ ಒಂದಾಳುದ್ದ ಇಲ್ಲ. ಮಳೆ ಬರಲ್ಲ, ಹನಿ ಬರುತ್ತೆ." ಲೆಕ್ಕ ಸರಳ. ನೀರು 10 ಮೀಟರ್ ಎತ್ತರದಿಂದ ಇಳಿದರೆ ಒಂದು ಬಾರ್‌ನಷ್ಟು ಒತ್ತಡ ಸಿಗುತ್ತೆ. ನಮ್ಮದು ಎರಡು ಮೀಟರ್ ಕೂಡ ಇಲ್ಲ. ದೊಡ್ಡ ಶವರ್ ಬೇಕಾದರೆ ಪ್ರೆಷರ್ ಪಂಪ್ ಬೇಕು, ಅದಕ್ಕೆ ಮತ್ತೆ ಕರೆಂಟು. ಅದರ ಬದಲು ಉದ್ದ ಕೊಳವೆಯ ಹ್ಯಾಂಡ್ ಶವರ್ ಹಾಕಿಸಿದೆವು. ಕೂತಲ್ಲಿಂದಲೇ ಬೆನ್ನಿಗೆ, ತಲೆಗೆ ನೀರು ಬಿಟ್ಟುಕೊಳ್ಳಬಹುದು. ಬಗ್ಗಿ ಬಗ್ಗಿ ಚೊಂಬು ಎತ್ತೋ ಕೆಲಸ ಇಲ್ಲ. ಮಂಡಿ ನೋವಿರೋರಿಗೆ ಇದಕ್ಕಿಂತ ಸುಖ ಇನ್ನೊಂದಿಲ್ಲ.

ಟೈಲ್ಸ್ ಆರಿಸೋಕೆ ಅತ್ತೆಯನ್ನೂ ಕರೆದುಕೊಂಡು ಹೋದೆ. ಅಂಗಡಿ ಹುಡುಗ ಒಂದೊಂದಾಗಿ ತೆಗೆದು ತೋರಿಸಿದ. ಎಲ್ಲವೂ ಆಂಟಿ ಸ್ಕಿಡ್ಡೇ ಅಂತೆ. ಅತ್ತೆ ಚಪ್ಪಲಿ ಬಿಟ್ಟು, "ಒಂದು ಲೋಟ ನೀರು ಕೊಡಪ್ಪ" ಅಂದರು. ಕುಡಿಯೋಕೆ ಅಂದುಕೊಂಡು ಅವನು ತಣ್ಣೀರು ತಂದ. ಇವರು ಅದನ್ನು ಟೈಲ್ ಮೇಲೆ ಸುರಿದು, ನನ್ನ ಭುಜ ಹಿಡಿದು ಅದರ ಮೇಲೆ ನಿಂತರು. ನಾಲ್ಕು ಟೈಲ್ಸ್ ಹಾಗೇ ಫೇಲಾದವು. ಐದನೆಯದರ ಮೇಲೆ ಪಾದ ಒರೆಸಿ ನೋಡಿ, "ಇದು ನಮ್ಮೂರ ಕಲ್ಲಿನಂಗಿದೆ" ಅಂದರು. ಮ್ಯಾಟ್ ಫಿನಿಶ್‌ನ, ಒಂದಡಿಗೆ ಒಂದಡಿಯ ಬೂದು ಟೈಲ್. ಚಿಕ್ಕ ಟೈಲ್ ಆದರೆ ಸಂದುಗಳು ಹೆಚ್ಚು, ಕಾಲಿಗೆ ಹಿಡಿತವೂ ಹೆಚ್ಚು. ಗೋಡೆಗೆ ಎಳೇ ಬಾಳೆಸುಳಿ ಬಣ್ಣ ತಗೊಂಡೆವು. ನೆಲ ಗಾಢ, ಗೋಡೆ ತಿಳಿ ಇದ್ದರೆ ವಯಸ್ಸಾದ ಕಣ್ಣಿಗೆ ನೆಲ ಎಲ್ಲಿ ಮುಗೀತು, ಗೋಡೆ ಎಲ್ಲಿ ಶುರುವಾಯ್ತು ಅಂತ ಚೆನ್ನಾಗಿ ಗೊತ್ತಾಗುತ್ತೆ.

ಒಡೆಯೋ ದಿನಗಳಲ್ಲಿ ಅತ್ತೆ, ಮಗಳ ಜೊತೆ ನಾನು ಕುಣಿಗಲ್‌ಗೆ ಹೋದೆ. ಇಲ್ಲಿ ಯಜಮಾನರು ಪಕ್ಕದ ಮನೆಯವರ ಬಚ್ಚಲಲ್ಲಿ ಮೂರು ದಿನ ಮಿಂದರು. ತವರಿನ ಗಾಜಿನ ಹೆಂಚು ಇನ್ನೂ ಹಾಗೇ ಇದೆ. ಅತ್ತೆ ಅಲ್ಲಿ ಸ್ನಾನ ಮಾಡಿ ಬಂದು, "ಬೆಳಕಿದ್ದರೆ ಅರ್ಧ ಭಯ ಹೋಗುತ್ತೆ ನೋಡು" ಅಂದರು. ಆ ಮಾತು ನನ್ನ ತಲೆಯಲ್ಲಿ ಉಳೀತು. ನಮ್ಮದು ಆರ್‌ಸಿಸಿ ಛಾವಣಿ, ಹೆಂಚಿಗೆ ಜಾಗ ಇಲ್ಲ. ಮೇಸ್ತ್ರಿಗೆ ಫೋನ್ ಮಾಡಿ ಕೇಳಿದೆ. ಅವರೇ ದಾರಿ ಹೇಳಿದರು. ಓಣಿ ಕಡೆಯ ಗೋಡೆಯಲ್ಲಿ, ತಲೆಗಿಂತ ಮೇಲೆ, ಮೂರು ಗಾಜಿನ ಇಟ್ಟಿಗೆ ಕೂರಿಸೋದು. ಹೊರಗಿನವರಿಗೆ ಏನೂ ಕಾಣಲ್ಲ, ಒಳಗೆ ಬೆಳಕು. ಹಳೇ ವೆಂಟಿಲೇಟರ್ ಜಾಗಕ್ಕೆ ಎಕ್ಸಾಸ್ಟ್ ಫ್ಯಾನ್. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಈ ಗಾಜಿನ ಇಟ್ಟಿಗೆಗಳೇ. ಬೆಳಿಗ್ಗೆ ಏಳೂವರೆಗೆ ಎಳೆ ಬಿಸಿಲು ಹಸಿರು ಗೋಡೆ ಮೇಲೆ ಬಿದ್ದರೆ ತೋಟದಲ್ಲಿ ನಿಂತ ಹಾಗಿರುತ್ತೆ.

ಕಣ್ಣಿಗೆ ಕಾಣದ ಕೆಲಸಗಳೇ ಹೆಚ್ಚು ದಿನ ತಗೊಂಡವು. ನೆಲಕ್ಕೆ ವಾಟ ಸರಿಯಾಗಿ ಕೊಡೋದು ಅದರಲ್ಲಿ ಮೊದಲನೆಯದು. ಅಡಿಗೆ ಕಾಲಿಂಚಿನಂತೆ ಇಳಿಜಾರು ಇದ್ದರೆ ನೀರು ನಿಲ್ಲಲ್ಲ. ನೀರು ನಿಂತ ಕಡೆಯೇ ಪಾಚಿ, ಪಾಚಿ ಕಟ್ಟಿದ ಕಡೆಯೇ ಜಾರೋದು. ಮೊಹೆಂಜೊದಾರೊದ ಮನೆಗಳಲ್ಲಿ ಸುಮಾರು 4,500 ವರ್ಷಗಳ ಹಿಂದೆಯೇ ಇಟ್ಟಿಗೆ ಹಾಸಿದ ಸ್ನಾನದ ನೆಲಕ್ಕೆ ಚರಂಡಿ ಕಡೆ ವಾಟ ಕೊಟ್ಟಿದ್ದರು. ಮಗಳು ತನ್ನ ಪಠ್ಯಪುಸ್ತಕ ತಂದು ಮೇಸ್ತ್ರಿಗೆ ಚಿತ್ರ ತೋರಿಸಿದಾಗ ಅವರಿಗೆ ಭಾರೀ ಖುಷಿ. "ನೋಡಿ ಮೇಡಂ, ನಮ್ಮೋರು ಆಗಲೇ ಇದ್ರು" ಅಂದರು.

ಎರಡನೆಯದು ಮೋರಿ ವಾಸನೆ. ನಾನಿ ಟ್ರ್ಯಾಪ್‌ನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು, ಆ ನೀರೇ ಕೆಳಗಿನ ಗಾಳಿ ಮೇಲೆ ಬರದಂತೆ ತಡೆಯೋ ಮುಚ್ಚಳ. ಹಳೇದರಲ್ಲಿ ಅದು ಒಡೆದುಹೋಗಿತ್ತು, ಬದಲಾಯಿಸಿದರು. ಮೂರನೆಯದು ಕೊಳವೆ. ಬಿಸಿನೀರಿಗೆ ಮಾಮೂಲಿ ಬಿಳಿ ಪಿವಿಸಿ ಆಗಲ್ಲ, ಸಿಪಿವಿಸಿ ಬೇಕು. ವಾಟರ್‌ಪ್ರೂಫಿಂಗ್ ಬಳಿದು ಒಣಗಿದ ಮೇಲೆ, ಟ್ರ್ಯಾಪ್‌ಗೆ ಬಟ್ಟೆ ತುರುಕಿ ಎರಡು ದಿನ ನೀರು ನಿಲ್ಲಿಸಿ ನೋಡಿದೆವು. ಅಡುಗೆ ಮನೆ ಗೋಡೆಗೆ ತೇವ ಬರಲಿಲ್ಲ ಅಂತ ಖಾತ್ರಿಯಾದ ಮೇಲೇ ಟೈಲ್ಸ್ ಹಾಕೋಕೆ ಬಿಟ್ಟದ್ದು.

ಬಾಗಿಲು ಮೊದಲು ಒಳಕ್ಕೆ ತೆರೆಯುತ್ತಿತ್ತು. ಇಷ್ಟು ಸಣ್ಣ ಬಚ್ಚಲಲ್ಲಿ ಯಾರಾದರೂ ಬಿದ್ದರೆ ಬಾಗಿಲಿಗೇ ಅಡ್ಡ ಬೀಳ್ತಾರೆ, ಹೊರಗಿನವರು ತಳ್ಳೋಕೂ ಆಗಲ್ಲ. ಈಗ ಹೊರಕ್ಕೆ ತೆರೆಯೋ ಹಾಗೆ ಮಾಡಿಸಿದ್ದೇವೆ. ಚಿಲಕವೂ ಅಷ್ಟೇ, ತುರ್ತಿದ್ದರೆ ಹೊರಗಿನಿಂದ ಒಂದು ರೂಪಾಯಿ ನಾಣ್ಯ ತಿರುವಿದರೆ ತೆಗೆಯಬಹುದು. ಒಳಗೂ ಅರ್ಧ ಅಡಿ ಜಾಗ ಉಳಿದಂತಾಯಿತು.

ಗೋಡೆಯ ಹಿಡಿಕೆ ಬಗ್ಗೆ ಒಂದು ಮಾತು. ಟವೆಲ್ ಕಂಬಿಯನ್ನೇ ಹಿಡಿದು ಏಳೋದು ಎಲ್ಲ ಮನೆಯಲ್ಲೂ ಇದೆ. ಅದು ಟವೆಲ್ ಭಾರಕ್ಕೆ ಮಾಡಿದ್ದು, ಮನುಷ್ಯರ ಭಾರಕ್ಕಲ್ಲ. ಹಿಡಿಕೆ ಬೇರೆ ಸಿಗುತ್ತೆ, ಗೋಡೆಗೆ ಆ್ಯಂಕರ್ ಬೋಲ್ಟ್ ಹಾಕಿ ಬಿಗೀಬೇಕು. ಎಷ್ಟು ಎತ್ತರ ಅಂತ ಮೇಸ್ತ್ರಿ ಕೇಳಿದಾಗ ನಾವು ಟೇಪ್ ಹಿಡಿಯಲಿಲ್ಲ. ಅತ್ತೆಯನ್ನು ಸ್ಟೂಲ್ ಮೇಲೆ ಕೂರಿಸಿ, "ಅಜ್ಜಿ, ಎದ್ದೇಳಿ" ಅಂದರು. ಅವರ ಕೈ ತಾನಾಗಿ ಗೋಡೆಯ ಎಲ್ಲಿಗೆ ಹೋಯಿತೋ ಅಲ್ಲಿ ಪೆನ್ಸಿಲ್‌ನಲ್ಲಿ ಗೆರೆ ಎಳೆದರು. ಬಾಗಿಲ ಹತ್ತಿರ ಇನ್ನೊಂದು.

ಕೂರೋಕೆ ಮೂಲೆಯಲ್ಲಿ ಇಟ್ಟಿಗೆ ಕಟ್ಟಿ ಮೇಲೆ ಕಡಪ ಕಲ್ಲು ಹಾಸಿದೆವು. ಕುರ್ಚಿಯಷ್ಟು ಎತ್ತರ, ಅಂಚು ಉಜ್ಜಿ ದುಂಡಗೆ ಮಾಡಿದ್ದು. ಜಪಾನಿನವರು ಟಬ್‌ಗೆ ಇಳಿಯೋ ಮುಂಚೆ ಪುಟ್ಟ ಸ್ಟೂಲ್ ಮೇಲೆ ಕೂತೇ ಮೈ ತೊಳೀತಾರೆ. ನಮ್ಮ ಮಣೆಯೂ ಅದೇ ತಾನೆ? ನಾವು ನಿಂತು ಮೀಯೋದು ಕಲಿತದ್ದು ಶವರ್ ಬಂದ ಮೇಲೆ. ಒಂದು ಎಚ್ಚರಿಕೆ. ಕಡಪ ಸುಣ್ಣದ ಜಾತಿಯ ಕಲ್ಲು. ಅದಕ್ಕೆ ಆ್ಯಸಿಡ್, ನಿಂಬೆಹಣ್ಣು ತಾಗಿಸಿದರೆ ಮೆರುಗು ಹೋಗುತ್ತೆ. ಬೋರ್ ನೀರಿನ ಬಿಳಿ ಕಲೆ ತೆಗೆಯೋಕೆ ನಿಂಬೆ ಸಿಪ್ಪೆ ನಲ್ಲಿಗೆ ಮಾತ್ರ ಉಜ್ಜಿ. ನಲ್ಲಿಯಲ್ಲಿ ಹೇಮಾವತಿ ನೀರು ಬಂದ ದಿನ ಕಲೆಯ ಕಾಟ ಕಡಿಮೆ, ಬೋರ್ ನೀರಿನ ದಿನ ಜಾಸ್ತಿ.

ಅದೇ ಗಡಸು ನೀರಿಗೆ ಹೆದರಿ ಗೀಜರ್ ತಗೊಳ್ಳುವಾಗ ಒಳಗೆ ಗಾಜಿನ ಲೇಪ, ಮೆಗ್ನೀಷಿಯಂ ಕಂಬಿ ಇರೋದನ್ನು ಕೇಳಿ ತಂದೆವು. ಆ ಕಂಬಿ ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಪಾಡುತ್ತೆ. ಕೆಲವು ವರ್ಷಕ್ಕೊಮ್ಮೆ ಬದಲಾಯಿಸಬೇಕು. 15 ಲೀಟರ್, 2,000 ವ್ಯಾಟ್. ಅರ್ಧ ಗಂಟೆ ಉರಿದರೆ ಒಂದು ಯೂನಿಟ್. 2023ರಲ್ಲಿ ಗೃಹಜ್ಯೋತಿ ಬಂದಾಗಿನಿಂದ ಯೂನಿಟ್ ಲೆಕ್ಕ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲಿದೆ, ಮಗಳೇ ಸ್ವಿಚ್ ಕಾಯ್ತಾಳೆ. ಸ್ವಿಚ್ ಬಚ್ಚಲ ಹೊರಗೇ ಇದೆ. ಜೊತೆಗೆ ಆರ್‌ಸಿಸಿಬಿ ಹಾಕಿಸಿದ್ದೇವೆ. ಎಲ್ಲಾದರೂ ಕರೆಂಟ್ ಸೋರಿದರೆ ಕಣ್ಣು ಮುಚ್ಚಿ ತೆರೆಯೋದರೊಳಗೆ ಲೈನ್ ಕಟ್ ಆಗುತ್ತೆ.

ಇನ್ನು ಸೊಗಸಿನ ವಿಷಯ. ಸೋಪು, ಸೀಗೆಪುಡಿ ಡಬ್ಬ, ಹರಳೆಣ್ಣೆ ಬಾಟ್ಲಿ ಎಲ್ಲ ಮೊದಲು ನೆಲದ ಮೇಲೇ. ಮೇಸ್ತ್ರಿ ಒಂಬತ್ತಿಂಚಿನ ಗೋಡೆಯಲ್ಲಿ ಕೊರೆದು 'ನಿಶ್' ಮಾಡಿಕೊಡ್ತೀನಿ ಅಂದರು. ಅತ್ತೆಗೆ ಆ ಪದ ತಿಳಿಯಲಿಲ್ಲ. ತೋರಿಸಿದ ಮೇಲೆ, "ಅಯ್ಯೋ, ಗೂಡು ಅನ್ರಪ್ಪ" ಅಂದರು. ದೀಪದ ಗೂಡಿನ ಹಾಗೇ ಎರಡು ಗೂಡು. ಒಂದು ನಿಂತವರಿಗೆ, ಒಂದು ಕೂತವರಿಗೆ. ಬಾಗಿಲ ಹಿಂದೆ ಎರಡು ಎತ್ತರದಲ್ಲಿ ಕೊಕ್ಕೆ. ಮಗಳ ಆಸೆಗೆ ಹಿಂದೆ ಬೆಳಕು ಬರೋ ಪುಟ್ಟ ಕನ್ನಡಿ. ನನ್ನ ಆಸೆಗೆ ಗಾಜಿನ ಇಟ್ಟಿಗೆ ಕೆಳಗೆ ಒಂದು ಮನಿ ಪ್ಲಾಂಟ್.

ಅತ್ತೆಯ ಆಸೆ ಕೊನೆಗೆ ಹೊರಬಂತು. "ನನ್ನ ಹಂಡೆ ತರಬಹುದಾ?" ಯಜಮಾನರು, "ಜಾಗ ಎಲ್ಲಿದೆಯಮ್ಮ?" ಅಂದರು. ಮೇಸ್ತ್ರಿ ಮಾತಾಡದೆ ಟೇಪ್ ತೆಗೆದು ಒಡೆದ ತೊಟ್ಟಿಯ ಜಾಗ ಅಳೆದರು. ತೊಟ್ಟಿ ನುಂಗಿದ್ದ ಜಾಗದಲ್ಲಿ ಹಂಡೆ ಕೂತು, ಇನ್ನೂ ಒಂದು ಬಕೆಟ್‌ಗೆ ಸ್ಥಳ ಉಳೀತು. ಗುಬ್ಬಿಯಿಂದ ಲಗೇಜ್ ಆಟೋದಲ್ಲಿ ಹಂಡೆ ಬಂತು. ಹುಣಸೆಹಣ್ಣಿನಲ್ಲಿ ತಿಕ್ಕಿದ ಮೇಲೆ ಕೆಂಡದ ಹಾಗೆ ಹೊಳೀತು. ಒಲೆ ಇಲ್ಲ, ಹೊಗೆ ಇಲ್ಲ. ಕರೆಂಟ್ ಹೋದಾಗ, ನಲ್ಲಿ ಬಾರದಾಗ ಅದರ ನೀರೇ ಗತಿ.

ಈ ಸಲ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದು, ಹಾಗಲ ಬಳ್ಳಿ ಸುತ್ತಿ, ಪೂಜೆ ಮಾಡಿದೆವು. ತುಮಕೂರಿಗೆ ಬಂದ ಮೇಲೆ ಬಿಟ್ಟೇ ಹೋಗಿದ್ದ ಶಾಸ್ತ್ರ. ಮರುದಿನ ನಸುಕಿನಲ್ಲಿ ಎಲ್ಲರ ತಲೆಗೂ ಅತ್ತೆಯೇ ಎಣ್ಣೆ ಹಚ್ಚಿದರು. ಆಮೇಲೆ ತಮ್ಮ ಸೀರೆ ತಗೊಂಡು ಒಳಗೆ ಹೋದರು. ಚಿಲಕ ಹಾಕಿದ ಸದ್ದು ಕೇಳಿಸಿತು. ಅರ್ಧ ಗಂಟೆಯಾದರೂ ಹೊರಗೆ ಬರಲಿಲ್ಲ. ಮಗಳು ಕದ ತಟ್ಟೋಕೆ ಹೋದಳು, ನಾನು ಬೇಡ ಅಂದೆ. ಒಳಗೆ ಸಣ್ಣ ದನಿಯಲ್ಲಿ ಏನೋ ಗುನುಗುತ್ತಿದ್ದರು. ಊರಿಗೆ ಬಿಟ್ಟುಬಿಡಿ ಅನ್ನೋ ಮಾತು ಆಮೇಲೆ ಬಂದಿಲ್ಲ.

ನೀವೂ ಬಚ್ಚಲು ರಿಪೇರಿಗೆ ಕೈ ಹಾಕೋದಿದ್ದರೆ, ಅಂಗಡಿಗೆ ಹೋಗೋ ಮುಂಚೆ ಒಂದು ಕೆಲಸ ಮಾಡಿ. ಮನೆಯ ಹಿರಿಯರನ್ನು ಒಳಗೆ ಕೂರಿಸಿ, ಎದ್ದೇಳೋಕೆ ಹೇಳಿ, ಕೈ ಎಲ್ಲಿಗೆ ಹೋಗುತ್ತೆ ನೋಡಿ. ಆಮೇಲೆ ಲೈಟ್ ಆರಿಸಿ, ಬೆಳಕು ಎಲ್ಲಿಂದ ಬರಬೇಕು ನೋಡಿ. ಟೈಲ್ಸ್ ಬಣ್ಣ ಆಮೇಲೆ ನಿಧಾನವಾಗಿ ಆರಿಸಬಹುದು.