ಭರತನ ದಿಗ್ವಿಜಯ, ಬಾಹುಬಲಿಯ ನಿಲುವು: ರಜೆಯ ಪ್ರವಾಸವನ್ನು ಕುರಿತು

ಪರೀಕ್ಷೆಗಳು ಮುಗಿದು ಮೌಲ್ಯಮಾಪನದ ಕಟ್ಟುಗಳು ಕರಗತೊಡಗಿದೊಡನೆ ಅಧ್ಯಾಪಕರ ಕೊಠಡಿಯಲ್ಲಿ ರಜೆಯ ಮಾತು ಮೊದಲಾಗುತ್ತದೆ. ಒಬ್ಬರು ಏಳು ದಿನಗಳಲ್ಲಿ ಐದು ದೇಶಗಳನ್ನು ತೋರಿಸುವ ಯೂರೋಪ್ ಪ್ಯಾಕೇಜಿನ ಕರಪತ್ರವನ್ನು ಹಿಡಿದು ಬರುತ್ತಾರೆ. ಇನ್ನೊಬ್ಬರು ಕಾಶಿ, ಗಯೆಗಳ ರೈಲು ಟಿಕೆಟ್ಟಿನ ಚಿಂತೆಯಲ್ಲಿರುತ್ತಾರೆ. ಕಿರಿಯರಿಗೆ ಬಾಲಿ, ವಿಯೆಟ್ನಾಂಗಳ ಆಸೆ. ನನ್ನ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಸ್ವಲ್ಪ ಬೇರೆಯದು: “ಸರ್, ಹಳಗನ್ನಡ ಓದುವವರು ರಜೆಯಲ್ಲಿ ಎಲ್ಲಿಗೆ ಹೋಗಬೇಕು?” ಈ ಬರಹ ಅವರಿಗೆ ಕೊಟ್ಟ ಉತ್ತರದ ವಿಸ್ತರಣೆ. ಇದರಲ್ಲಿ ಬಸ್ಸು, ಟಿಕೆಟ್ಟು, ಊಟಗಳ ವಿಚಾರವೂ ಉಂಟು, ಕಾವ್ಯದ ವಿಚಾರವೂ ಉಂಟು. ನನ್ನ ಅನುಭವದಲ್ಲಿ ಇವೆರಡನ್ನೂ ಬೇರ್ಪಡಿಸಲಾಗದು.

ಪ್ರಾಚೀನ ಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಪ್ರಯಾಣವೂ ಒಂದು. ಆದರೆ ಅಲ್ಲಿಯ ಪ್ರಯಾಣ ಬಹುಮಟ್ಟಿಗೆ ದಂಡಯಾತ್ರೆ. ಪಂಪನ ‘ಆದಿಪುರಾಣ’ದಲ್ಲಿ ಭರತ ಚಕ್ರವರ್ತಿ ಷಟ್ಖಂಡ ಭೂಮಂಡಲವನ್ನು ಸುತ್ತಿ ಗೆಲ್ಲುತ್ತಾನೆ. ಕೊನೆಗೆ ವೃಷಭಾಚಲಕ್ಕೆ ಬಂದು ತನ್ನ ಹೆಸರನ್ನು ಕೆತ್ತಿಸಬೇಕೆಂದು ನೋಡಿದರೆ, ಹಿಂದಿನ ಚಕ್ರವರ್ತಿಗಳ ಹೆಸರುಗಳು ಅಲ್ಲಿ ಕಿಕ್ಕಿರಿದಿವೆ, ಎಡೆಯೇ ಇಲ್ಲ. ಅವನ ಗರ್ವ ಇಳಿಯುತ್ತದೆ. ಆದರೂ ಒಂದು ಹೆಸರನ್ನು ಅಳಿಸಿ ತನ್ನದನ್ನು ಬರೆಸುತ್ತಾನೆ. ತಮ್ಮನಾದ ಬಾಹುಬಲಿಯಾದರೋ ಎಲ್ಲಿಗೂ ಹೋಗುವುದಿಲ್ಲ. ಅಣ್ಣನನ್ನು ಮೂರು ಯುದ್ಧಗಳಲ್ಲಿ ಗೆದ್ದು, ಗೆದ್ದುದನ್ನು ಬಿಟ್ಟು, ಒಂದು ವರ್ಷ ಒಂದೇ ಕಡೆ ನಿಂತುಬಿಡುತ್ತಾನೆ. ಬಳ್ಳಿ ಹಬ್ಬುವವರೆಗೆ, ಹುತ್ತ ಬೆಳೆಯುವವರೆಗೆ.

ಈ ಕಥೆಯನ್ನು ಹಲವು ವರ್ಷ ಪಾಠ ಮಾಡಿದ ಮೇಲೆ, ನಮ್ಮ ಪ್ರವಾಸಗಳಲ್ಲಿಯೂ ಭರತನ ಬಗೆ, ಬಾಹುಬಲಿಯ ಬಗೆ ಎಂಬ ಎರಡು ಕ್ರಮಗಳಿವೆ ಎನಿಸಿದೆ. ಮೊದಲನೆಯದರಲ್ಲಿ ಊರುಗಳ ಪಟ್ಟಿ ಬೆಳೆಯುತ್ತದೆ, ಛಾಯಾಚಿತ್ರಗಳು ತುಂಬುತ್ತವೆ, ‘ನಾನಿಲ್ಲಿಗೆ ಬಂದಿದ್ದೆ’ ಎಂಬ ಶಾಸನ ಸಿದ್ಧವಾಗುತ್ತದೆ. ಎರಡನೆಯದರಲ್ಲಿ ಸ್ಥಳಗಳು ಕಡಿಮೆ, ನಿಲ್ಲುವ ಹೊತ್ತು ಹೆಚ್ಚು. ಸಾಹಿತ್ಯದ ವಿದ್ಯಾರ್ಥಿಗೆ ಎರಡನೆಯದೇ ತಕ್ಕುದು. ಬಾಹುಬಲಿಯನ್ನೇ ನೆಪವಾಗಿಟ್ಟುಕೊಂಡು ಅಂಥದೊಂದು ಯೋಜನೆಯನ್ನು ಇಲ್ಲಿ ಕೊಡುತ್ತೇನೆ.

ಮೊದಲು ಬಾದಾಮಿ. ಶ್ರವಣಬೆಳಗೊಳಕ್ಕಿಂತ ಮುಂಚೆ ಬಾದಾಮಿಗೆ ಹೋಗಬೇಕೆಂಬುದಕ್ಕೆ ಕಾರಣವಿದೆ. ಅಲ್ಲಿಯ ನಾಲ್ಕನೆಯ ಗುಹೆ ಎಲ್ಲಕ್ಕೂ ಮೇಲಿನದು, ಎಲ್ಲಕ್ಕೂ ಚಿಕ್ಕದು. ಅದರ ಮೊಗಸಾಲೆಯ ಒಂದು ತುದಿಯಲ್ಲಿ ಪಾರ್ಶ್ವನಾಥ, ಇನ್ನೊಂದು ತುದಿಯಲ್ಲಿ ಬಾಹುಬಲಿ. ಇಲ್ಲಿಯ ಬಾಹುಬಲಿಗೆ ಭುಜದ ಮೇಲೆ ಇಳಿದ ಜಡೆಗಳಿವೆ. ಇಕ್ಕೆಲದಲ್ಲಿ ಇಬ್ಬರು ಸ್ತ್ರೀಯರಿದ್ದಾರೆ. ಪಂಪ 941ರಲ್ಲಿ ‘ಆದಿಪುರಾಣ’ವನ್ನು ಮುಗಿಸುವುದಕ್ಕೆ ಬಹು ಹಿಂದೆಯೇ ಕನ್ನಡ ನಾಡಿನ ಬಂಡೆಯಲ್ಲಿ ಈ ಕಥೆ ಮೂಡಿತ್ತು ಎಂಬುದು ಕಣ್ಣಿಗೆ ಕಂಡಾಗ ಕಾವ್ಯದ ಓದು ಬದಲಾಗುತ್ತದೆ. ಮೂರನೆಯ ಗುಹೆಯಲ್ಲಿ 578ರ ಮಂಗಲೇಶನ ಶಾಸನವಿದೆ. ಅಗಸ್ತ್ಯತೀರ್ಥದ ಆಚೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ತ್ರಿಪದಿಯ ಚರಿತ್ರೆಯನ್ನು ಓದುವವರು ಅದನ್ನು ನೋಡದೆ ಬರಬಾರದು. ರೈಲಿನಲ್ಲಿ ಹೋಗುವವರಿಗೆ ನಿಲ್ದಾಣ ಊರಿನಿಂದ ಕೆಲವು ಕಿಲೋಮೀಟರ್ ದೂರ. ಹಂಚಿಕೊಳ್ಳುವ ಆಟೋಗಳು ಸಿಗುತ್ತವೆ. ಐಹೊಳೆಯ ಜೈನ ಗುಹೆಯಲ್ಲಿಯೂ ಬಾಹುಬಲಿಯಿದ್ದಾನೆ. ಆ ಕಡೆಗೆ ಬಸ್ಸುಗಳು ವಿರಳವಾದ್ದರಿಂದ ನಾಲ್ಕೈದು ಮಂದಿ ಸೇರಿ ವಾಹನ ಮಾಡಿಕೊಳ್ಳುವುದು ಮೇಲು. ಮೇ ತಿಂಗಳ ಬಾದಾಮಿ ಕಾದ ಕಾವಲಿ. ಡಿಸೆಂಬರ್ ರಜೆಯೇ ಸೂಕ್ತ. ಕೈಯಲ್ಲಿ ತಿಂಡಿಯ ಪೊಟ್ಟಣವಿದ್ದರೆ ಕೋತಿಗಳು ಬಿಡುವುದಿಲ್ಲ.

ಅನಂತರ ಮನೆಗೆ ಬಂದು ‘ಆದಿಪುರಾಣ’ದ ಭರತ-ಬಾಹುಬಲಿ ಪ್ರಸಂಗವನ್ನು ನಿಧಾನವಾಗಿ ಓದಿರಿ. ಓದಿದ ಮೇಲೆ ಬೆಳಗೊಳ. ಪಂಪನ ಕಾವ್ಯಕ್ಕೂ ಚಾವುಂಡರಾಯನ ವಿಗ್ರಹಕ್ಕೂ ನಡುವೆ ಇರುವುದು ಸುಮಾರು ನಲವತ್ತು ವರ್ಷ. ಶ್ರವಣಬೆಳಗೊಳಕ್ಕೆ ಬೇಲೂರು, ಹಳೇಬೀಡುಗಳೊಡನೆ ಒಂದೇ ದಿನದಲ್ಲಿ ಹೋಗಿಬರುವ ಪ್ರವಾಸಗಳು ಎಲ್ಲೆಡೆಯೂ ಇವೆ. ಬೆಟ್ಟ ಹತ್ತಿ ಇಳಿಯಲು ಒಂದೂವರೆ ಗಂಟೆ ಕೊಡುತ್ತಾರೆ. ಶಾಸನಗಳ ಊರಿಗೆ ಅದು ಸಾಲದು. ಬೆಂಗಳೂರು-ಹಾಸನ ಮಾರ್ಗದಲ್ಲಿ ರೈಲು ನಿಲ್ದಾಣವೇ ಇದೆ, ಚನ್ನರಾಯಪಟ್ಟಣದಿಂದ ಬಸ್ಸುಗಳಿವೆ. ಯಾತ್ರಿಕರ ವಸತಿಗೃಹಗಳಲ್ಲಿ ಕಡಿಮೆ ಖರ್ಚಿನಲ್ಲಿ ತಂಗಬಹುದು. ಎರಡು ರಾತ್ರಿ ಉಳಿಯಿರಿ.

ಮೊದಲ ದಿನ ಚಿಕ್ಕಬೆಟ್ಟ. ಎಲ್ಲರೂ ದೊಡ್ಡಬೆಟ್ಟಕ್ಕೆ ಓಡುವುದರಿಂದ ಇಲ್ಲಿ ಜನ ಕಡಿಮೆ. ಈ ಬೆಟ್ಟದ ಬಂಡೆಗಳೇ ಒಂದು ಗ್ರಂಥಾಲಯ. ಏಳನೆಯ ಶತಮಾನದಿಂದ ಇಲ್ಲಿ ಸಮಾಧಿಮರಣದ ಬರಹಗಳಿವೆ. ಬಿ.ಎಲ್. ರೈಸ್ 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಸಂಪುಟದಲ್ಲಿ ಆ ಸಂಖ್ಯೆ 500ಕ್ಕೆ ಏರಿತು. ಆ ಸಂಪುಟದ ಕೆಲವು ಪುಟಗಳನ್ನು ನಕಲು ಮಾಡಿಸಿಕೊಂಡು ಹೋಗಿ, ಬೆಳಗಿನ ಓರೆ ಬಿಸಿಲಿನಲ್ಲಿ ಅಕ್ಷರಗಳನ್ನು ಹೊಂದಿಸಿ ನೋಡಿರಿ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಕಾಣದ ಗೆರೆಗಳು ಓರೆ ಬೆಳಕಿನಲ್ಲಿ ಎದ್ದು ಬರುತ್ತವೆ. ಇಲ್ಲಿ ಯಾತ್ರಿಕರು ಬರಿದೆ ತಮ್ಮ ಹೆಸರನ್ನಷ್ಟೇ ಕೊರೆದು ಹೋದ ಬಂಡೆಗಳೂ ಇವೆ. ಅವುಗಳಲ್ಲಿ ‘ಕವಿರತ್ನ’ ಎಂಬುದನ್ನು ರನ್ನನದೆಂದು ವಿದ್ವಾಂಸರು ಗುರುತಿಸಿದ್ದಾರೆ. ವೃಷಭಾಚಲದ ಭರತ ಇಲ್ಲಿ ನೆನಪಾಗದಿರುವುದು ಸಾಧ್ಯವಿಲ್ಲ. ಇಂದು ಹಾಗೆ ಕೊರೆಯುವುದು ಅಪರಾಧ. ಸೀಮೆಸುಣ್ಣ ತಿಕ್ಕಿ ಅಕ್ಷರ ಓದುವ ಹಳೆಯ ಅಭ್ಯಾಸವನ್ನೂ ಬಿಡಬೇಕು. ಓರೆಯಾಗಿ ಹಿಡಿದ ಟಾರ್ಚ್ ಸಾಕು.

ಎರಡನೆಯ ದಿನ ದೊಡ್ಡಬೆಟ್ಟ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲು. ಬೆಳಗ್ಗೆ ಬೇಗ ಏರಿ, ಬಂಡೆ ಕಾಯುವ ಮೊದಲು ಇಳಿದುಬಿಡಬೇಕು, ಕಾಲುಚೀಲವನ್ನು ಜೊತೆಗಿಟ್ಟುಕೊಳ್ಳಿ. ಸುತ್ತಾಲಯದ ದ್ವಾರದ ಬಳಿ ಬೊಪ್ಪಣ ಪಂಡಿತನ ಶಾಸನವಿದೆ, ಸುಮಾರು 1180ರದು. ಕನ್ನಡದ ಒಂದು ಸೊಗಸಾದ ಕಾವ್ಯವನ್ನು ಕಾಗದದಲ್ಲಲ್ಲದೆ ಕಲ್ಲಿನಲ್ಲಿ ಓದುವ ಭಾಗ್ಯ ಅದು. ವಿಗ್ರಹ ಬಲು ಎತ್ತರವಾದರೆ ಅದಕ್ಕೆ ಚೆಲುವು ಇರದು, ಎತ್ತರವೂ ಚೆಲುವೂ ಇದ್ದರೆ ಅತಿಶಯ ಇರದು, ಗೊಮ್ಮಟನಲ್ಲಾದರೋ ಮೂರೂ ಕೂಡಿವೆ ಎಂಬುದು ಅವನ ವಾದ. ಈ ವಾದವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಂಡಿನೋವಿನವರು ಏನು ಮಾಡಬೇಕು? ಇದು ನನ್ನ ಮನೆಯದೇ ಪ್ರಶ್ನೆ. ಮದುವೆಯಾದ ಹೊಸತರಲ್ಲಿ ನನಗಿಂತ ಮೊದಲು ಬೆಟ್ಟ ಹತ್ತಿ ನಿಂತು ನಗುತ್ತಿದ್ದ ನನ್ನ ಮಡದಿಗೆ ಈಗ ಇಪ್ಪತ್ತು ಮೆಟ್ಟಿಲೂ ಕಷ್ಟ. ಡೋಲಿಯವರಿದ್ದಾರೆ. ಆದರೆ ಅವಳು, “ಇನ್ನೊಬ್ಬರ ಹೆಗಲ ಮೇಲೆ ಕೂತು ಅವನ ಮುಂದೆ ಹೋಗಿ ನಿಲ್ಲಲಾರೆ. ನೀವು ಹೋಗಿ ಬನ್ನಿ” ಎಂದಳು. ನಾನು ಇಳಿದು ಬಂದಾಗ ಊರೊಳಗಿನ ಅಕ್ಕನ ಬಸದಿಯ ಕಂಬಗಳ ನಡುವೆ ಕುಳಿತಿದ್ದಳು. ಹೊಯ್ಸಳ ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಲದೇವಿ 1181ರಲ್ಲಿ ಕಟ್ಟಿಸಿದ ಬಸದಿ ಅದು. ಅಲ್ಲಿಂದ ಸ್ವಲ್ಪ ದೂರದ ಭಂಡಾರಿ ಬಸದಿಯಲ್ಲಿ ಬುಕ್ಕರಾಯನ ಕಾಲದ, ಜೈನರಿಗೂ ವೈಷ್ಣವರಿಗೂ ನಡುವೆ ಸಂಧಾನ ಮಾಡಿಸಿದ 1368ರ ಶಾಸನವಿದೆ. ಇವೆರಡೂ ಸಮತಟ್ಟು ನೆಲದಲ್ಲಿವೆ. ಬೆಟ್ಟ ಏರಲಾಗದ ಹಿರಿಯರನ್ನು ವಾಹನದಲ್ಲೇ ಕೂರಿಸಿ ಹೋಗುವ ಮಕ್ಕಳು ಇದನ್ನು ತಿಳಿದಿರಬೇಕು.

ಕಾರ್ಕಳ (1432), ವೇಣೂರು (1604) ಮೂರ್ತಿಗಳನ್ನು ಮೂಡಬಿದಿರೆಯಲ್ಲಿ ತಂಗಿ ಒಂದೇ ದಿನದಲ್ಲಿ ನೋಡಬಹುದು. ಮಳೆಗಾಲ ಕಳೆದ ಮೇಲೆ ಹೋಗುವುದು ಲೇಸು. ರಾಜ್ಯದ ಹೊರಗೆ ಒಂದೇ ಕಡೆ ಹೋಗುವುದಾದರೆ ತೆಲಂಗಾಣದ ಕರೀಂನಗರ ಸೀಮೆಯ ಕುರ್ಕ್ಯಾಲಕ್ಕೆ ಹೋಗಿರಿ. ಅಲ್ಲಿಯ ಬೊಮ್ಮಲಗುಟ್ಟದ ಬಂಡೆಯಲ್ಲಿ ಪಂಪನ ತಮ್ಮ ಜಿನವಲ್ಲಭ ಸಂಸ್ಕೃತ, ಕನ್ನಡ, ತೆಲುಗುಗಳಲ್ಲಿ ಬರೆಸಿದ ಶಾಸನವಿದೆ. ಪಂಪನ ಮನೆತನದ ವಿಚಾರ ನಮಗೆ ಕಾವ್ಯದ ಹೊರಗೆ ತಿಳಿದುಬರುವುದು ಅಲ್ಲಿಂದ. ಆ ಬೆಟ್ಟಕ್ಕೆ ಶಾಸನದಲ್ಲಿ ವೃಷಭಗಿರಿ ಎಂಬ ಹೆಸರಿರುವುದು ಅಣ್ಣನ ಕಾವ್ಯ ಬಲ್ಲವರ ಮನಸ್ಸನ್ನು ತಟ್ಟದಿರದು. ಏರು ಕಡಿದು, ಒಬ್ಬರೇ ಹೋಗಬೇಡಿ, ನೀರು ಒಯ್ಯಿರಿ. ಅರಿಕೇಸರಿಯ ವೇಮುಲವಾಡ ಅದೇ ಸೀಮೆಯಲ್ಲಿದೆ.

ಇನ್ನು ವಿದೇಶ. ಎರಡು ವರ್ಷಗಳ ಹಿಂದೆ ನ್ಯೂಜೆರ್ಸಿಯಲ್ಲಿರುವ ಮಗಳು ನಮ್ಮನ್ನು ಕರೆಸಿಕೊಂಡಳು. ವೀಸಾ ಸಂದರ್ಶನಕ್ಕೆ ದಿನ ಸಿಗುವುದು ತಡವಾಗುವುದರಿಂದ ಬಹಳ ಮುಂಚೆಯೇ ಅರ್ಜಿ ಹಾಕಬೇಕೆಂಬುದಷ್ಟೇ ಆ ವಿಷಯದಲ್ಲಿ ನನ್ನ ಸಲಹೆ. ಅವಳು ಸಿದ್ಧಪಡಿಸಿದ ಪಟ್ಟಿಯಲ್ಲಿ ನಯಾಗರಾ, ವಾಷಿಂಗ್ಟನ್, ಸ್ವಾತಂತ್ರ್ಯದೇವಿ ಎಲ್ಲವೂ ಇದ್ದವು. “ನನಗೆ ಒಂದು ದಿನ ಕೊಡು, ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಒಬ್ಬನನ್ನು ನೋಡಬೇಕು” ಎಂದೆ. “ಅಪ್ಪಾ, ಬಾಹುಬಲಿಯನ್ನು ನೋಡುವುದಕ್ಕೆ ಇಲ್ಲಿಯವರೆಗೆ ಬರಬೇಕೇ?” ಎಂದು ನಕ್ಕಳು.

ಆ ಮ್ಯೂಸಿಯಂ ಬುಧವಾರ ಮುಚ್ಚಿರುತ್ತದೆ. ಶುಕ್ರವಾರ, ಶನಿವಾರಗಳಂದು ರಾತ್ರಿ 9ರವರೆಗೆ ತೆರೆದಿರುತ್ತದೆ. ವಯಸ್ಕರಿಗೆ 30 ಡಾಲರ್. ಹನ್ನೆರಡರೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ನ್ಯೂಯಾರ್ಕ್ ರಾಜ್ಯದ ನಿವಾಸಿಗಳೂ ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್ ರಾಜ್ಯಗಳ ವಿದ್ಯಾರ್ಥಿಗಳೂ ತಮಗೆ ತೋಚಿದಷ್ಟು ಕೊಡಬಹುದು. ಅಲ್ಲಿ ಓದುತ್ತಿರುವ ನಮ್ಮ ಹುಡುಗರು ಇದನ್ನು ಬಳಸಿಕೊಳ್ಳಬೇಕು. ವಸ್ತುಗಳನ್ನು ಆಗಾಗ್ಗೆ ಬದಲಿಸುವುದರಿಂದ, ನೋಡಬೇಕಾದುದು ಪ್ರದರ್ಶನದಲ್ಲಿದೆಯೇ ಎಂದು ಅವರ ಜಾಲತಾಣದಲ್ಲಿ ಮೊದಲೇ ಖಚಿತಪಡಿಸಿಕೊಳ್ಳಿ. ಸಬ್‌ವೇಯ 86ನೆಯ ಬೀದಿಯ ನಿಲ್ದಾಣದಲ್ಲಿ ಇಳಿದರೆ ನಡೆಯುವಷ್ಟು ದೂರ. ಸೂರ್ಯಾಸ್ತದೊಳಗೆ ಊಟ ಮುಗಿಸುವ ನಿಯಮವಿರುವವರಿಗೆ ಜೂನ್ ಅನುಕೂಲ. ಆಗ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಗೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲೆ.

ಆ ಬಾಹುಬಲಿ ಕರ್ನಾಟಕದವನು. ಆರನೆಯ ಶತಮಾನದ ಕೊನೆ ಅಥವಾ ಏಳನೆಯ ಶತಮಾನದ್ದೆಂದು ಗುರುತಿಸಿರುವ ತಾಮ್ರಮಿಶ್ರ ಲೋಹದ ವಿಗ್ರಹ. ಎತ್ತರ 11 ಸೆಂಟಿಮೀಟರ್, ಅಂಗೈಯಲ್ಲಿ ಹಿಡಿಯುವಷ್ಟು. ಅಲ್ಲಿ 58 ಅಡಿ, ಇಲ್ಲಿ ಒಂದು ಗೇಣೂ ಇಲ್ಲ. ಬೊಪ್ಪಣ ಪಂಡಿತನ ಮೂರು ಗುಣಗಳಲ್ಲಿ ಮೊದಲನೆಯದೇ ಇಲ್ಲವಾಯಿತು. ಆದರೆ ಬಳ್ಳಿ ಹಾಗೆಯೇ ಹಬ್ಬಿದೆ, ನಿಲುವು ಹಾಗೆಯೇ ಇದೆ. ಎತ್ತರವನ್ನು ತೆಗೆದುಬಿಟ್ಟ ಮೇಲೆ ಏನು ಉಳಿಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಗಾಜಿನೊಳಗೆ ನಿಂತಿತ್ತು. ಬೆಳಗೊಳದಲ್ಲಿ ಪಾದದ ಬಳಿ ನಿಂತು ತಲೆಯೆತ್ತಿ ನೋಡುವ ನಮಗೆ ತೋಳಿನ ಮೇಲಿನ ಎಲೆ ದೂರದ್ದು. ಇಲ್ಲಿ ಬಗ್ಗಿ ನೋಡಬೇಕು. ಒಬ್ಬ ಗೃಹಸ್ಥನೋ ಗೃಹಿಣಿಯೋ ಮನೆಯಲ್ಲಿಟ್ಟು ಪೂಜಿಸಿದ ಮೂರ್ತಿಯಾಗಿದ್ದಿರಬಹುದು ಎಂಬುದು ನನ್ನ ಊಹೆ.

ಕೈ ಮುಗಿಯಬೇಕೋ ಬೇಡವೋ ಎಂದು ನಾನು ಅನುಮಾನಿಸುತ್ತ ನಿಂತಿದ್ದೆ. ಅಭಿಷೇಕವಿಲ್ಲ, ಅರ್ಚನೆಯಿಲ್ಲ, ಪಕ್ಕದಲ್ಲಿ ಕಾಲ, ದೇಶ, ಲೋಹಗಳನ್ನು ತಿಳಿಸುವ ಚೀಟಿ. ಇದು ಈಗ ದೇವರೋ ವಸ್ತುವೋ? ಅಷ್ಟರಲ್ಲಿ ನನ್ನ ಮಡದಿ ಚಪ್ಪಲಿಯನ್ನು ಬದಿಗೆ ಬಿಟ್ಟು, ಗಾಜಿಗೆ ತಾಕದಂತೆ ನಿಂತು, ಕಣ್ಣು ಮುಚ್ಚಿ ಕೈ ಮುಗಿದಿದ್ದಳು. “ಮೆಟ್ಟಿಲು ಹತ್ತಲಾಗದವಳಿಗೆಂದು ಅವನೇ ಇಷ್ಟು ಚಿಕ್ಕವನಾಗಿ ಬಂದು ನಿಂತಿದ್ದಾನೆ” ಎಂದಳು. ಶಾಸ್ತ್ರದ ದೃಷ್ಟಿಯಿಂದ ಆ ಮಾತು ಸಲ್ಲದು. ಮುಕ್ತನಾದವನು ಯಾರಿಗಾಗಿಯೂ ಬರುವುದಿಲ್ಲ, ಚಿಕ್ಕವನಾಗುವುದಿಲ್ಲ. ಅದನ್ನು ಬಲ್ಲ ನಾನು ಅಂದು ಏನೂ ಹೇಳಲಿಲ್ಲ. ಅತಿಶಯವೆಂಬುದು ಮೂರ್ತಿಯಲ್ಲಿದೆಯೋ ನೋಡುವವರ ನಿಲುವಿನಲ್ಲಿದೆಯೋ ಎಂಬ ಪ್ರಶ್ನೆ ತರಗತಿಯಲ್ಲಿ ಎಷ್ಟೋ ಸಲ ಎದ್ದಿದೆ. ಅದಕ್ಕೆ ಅಷ್ಟು ನೇರವಾದ ಉತ್ತರವನ್ನು ನಾನು ಕೇಳಿರಲಿಲ್ಲ.

ಇಷ್ಟು ಹೇಳಿದ ಮೇಲೆ, ವಿದೇಶಕ್ಕೆ ಹೋಗಲಾಗದವರು ಚಿಂತಿಸಬೇಕಾದುದಿಲ್ಲ. ಬೆಳಗೊಳದಿಂದಲೇ ಹೋದ, ಸುಮಾರು ಒಂಬತ್ತನೆಯ ಶತಮಾನದ ಕಂಚಿನ ಬಾಹುಬಲಿಯೊಬ್ಬ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿದ್ದಾನೆ. ಹಿಂದಕ್ಕೆ ಬಾಚಿದ ಕೂದಲು, ಭುಜದ ಮೇಲಿನ ಸುರುಳಿ, ಕಾಲಿಗೂ ತೋಳಿಗೂ ಸುತ್ತಿದ ಬಳ್ಳಿ. ಬಾದಾಮಿಯ ಜಡೆಗೂ ಬೆಳಗೊಳದ ಗುಂಗುರಿಗೂ ನಡುವಿನ ಕೊಂಡಿಯಂತೆ ಅವನನ್ನು ಓದಬಹುದು. ರಾತ್ರಿ ರೈಲಿನಲ್ಲಿ ಹೋಗಿ ಮರುರಾತ್ರಿ ಹೊರಟುಬರಬಹುದಾದ ಪ್ರವಾಸ ಅದು. ನ್ಯೂಯಾರ್ಕಿನ ಮೂರ್ತಿಯ ಚಿತ್ರವೂ ಮನೆಯಲ್ಲಿಯೇ ನೋಡಸಿಗುತ್ತದೆ.

ಈ ಡಿಸೆಂಬರಿನಲ್ಲಿ ಮಗಳು, ಮೊಮ್ಮಗಳು ಬರುವವರಿದ್ದಾರೆ. ಈ ಸಲ ಪಟ್ಟಿ ನನ್ನದು. ಬಾದಾಮಿಯಲ್ಲಿ ಎರಡು ದಿನ, ಬೆಳಗೊಳದಲ್ಲಿ ಎರಡು ದಿನ, ಬೇರೇನೂ ಇಲ್ಲ. ಬೆಳಗೊಳದಲ್ಲಿ ಮೊಮ್ಮಗಳೊಡನೆ ಮೆಟ್ಟಿಲು ಹತ್ತುವುದು ನಾನು. ಅಕ್ಕನ ಬಸದಿಯಲ್ಲಿ ಅವಳಿಗೆ ಕಥೆ ಹೇಳುವುದು ಅವಳ ಅಜ್ಜಿ. ವಿದ್ಯಾರ್ಥಿಮಿತ್ರರಲ್ಲಿ ಯಾರಾದರೂ ಆ ದಿನಗಳಲ್ಲಿ ಅತ್ತ ಬಂದರೆ ಚಿಕ್ಕಬೆಟ್ಟದಲ್ಲಿ ಬೆಳಗ್ಗೆ ಏಳರ ಹೊತ್ತಿಗೆ ಸಿಗುತ್ತೇನೆ. ಶಾಸನ ಸಂಪುಟ ನನ್ನಲ್ಲಿದೆ. ಟಾರ್ಚ್ ನೀವು ತನ್ನಿ.